ಕಕ್ಕಡದ ಮಳೆಗೆ ಹೆದರದ ಕಂಪ್ಯೂಟರ್

ನಮ್ಮ ಅಜ್ಜ ತೋಟದ ಲೆಕ್ಕದ ಪುಸ್ತಕಗಳನ್ನು ಮಳೆಗಾಲಕ್ಕೆ ಮೊದಲೇ ಅಡುಗೆಮನೆಯ ಅಟ್ಟಕ್ಕೆ ಏರಿಸುತ್ತಿದ್ದರು. ಕೆಳಗೆ ದಿನವಿಡೀ ಒಲೆ ಉರಿಯುತ್ತಿತ್ತು, ಹೊಗೆಯೂ ಬಿಸಿಯೂ ಮೇಲೇರುತ್ತಿತ್ತು. ಜುಲೈ ಆಗಸ್ಟ್ ನಡುವಿನ ಕಕ್ಕಡ ತಿಂಗಳ ಜಡಿಮಳೆಗೆ ಮನೆಯ ಚಪ್ಪಲಿ, ಬೆಲ್ಟು, ಉಣ್ಣೆಯ ಬಟ್ಟೆಗಳೆಲ್ಲ ಬೂಷ್ಟು ಹಿಡಿದರೂ ಆ ಪುಸ್ತಕಗಳ ಒಂದು ಹಾಳೆಯೂ ಕೆಡುತ್ತಿರಲಿಲ್ಲ. ಪುಸ್ತಕದಂಗಡಿಯಲ್ಲಿ ಹೊಸ ಪುಸ್ತಕ ಸಿಗುತ್ತದೆ, ಅದರಲ್ಲಿ ಬರೆದ ಲೆಕ್ಕ ಸಿಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಕೆಲವು ವರ್ಷಗಳಿಂದ ನಾನು ಕೊಡಗಿನ ಒಂದಷ್ಟು ಸಣ್ಣ ಕಚೇರಿಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದೇನೆ. ಒಂದು ಸಹಕಾರ ಸಂಘ, ಎರಡು ಹೋಂಸ್ಟೇ, ಕಾಫಿ ಖರೀದಿಸುವ ಒಬ್ಬ ವ್ಯಾಪಾರಿಯ ಅಂಗಳ, ಹೀಗೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವ ಕಂಪನಿಯ ಕಂಪ್ಯೂಟರ್ ಕೊಳ್ಳಲಿ? ಅದು ನಾಲ್ಕನೆಯದಾಗಿ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದವು ಮೂರು ಇವೆ. ನಿಮ್ಮ ಕೋಣೆಯಲ್ಲಿ ತೇವ ಎಷ್ಟು? ವಿದ್ಯುತ್ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ? ಯಂತ್ರ ಕೆಟ್ಟರೆ ರಿಪೇರಿ ಮಾಡುವವರು ಎಷ್ಟು ದೂರದಲ್ಲಿದ್ದಾರೆ? ನಗರದ ಹವಾನಿಯಂತ್ರಿತ ಕಚೇರಿಗಳಿಗಾಗಿ ಬರೆದ ಸಲಹೆಗಳಲ್ಲಿ ಇವು ಮೂರೂ ಇರುವುದಿಲ್ಲ. ನಮ್ಮಲ್ಲಿ ಹಾಳಾಗುವ ಹೆಚ್ಚಿನ ಯಂತ್ರಗಳು ಹಾಳಾಗುವುದು ಇವುಗಳಿಂದಲೇ.

ವಿದ್ಯುತ್ತಿನಿಂದ ಆರಂಭಿಸುತ್ತೇನೆ. ಗಾಳಿಮಳೆಗೆ ಮರ ಬಿದ್ದು ತಂತಿ ತುಂಡಾಗುವುದು ಕೊಡಗಿನವರಿಗೆ ಹೊಸದಲ್ಲ. ವಿದ್ಯುತ್ ಹೋದಾಗ ಎಲ್ಲರೂ ಗೊಣಗುತ್ತಾರೆ. ಆದರೆ ಕಂಪ್ಯೂಟರಿಗೆ ಹೆಚ್ಚಿನ ಹಾನಿ ಅದು ಮರಳಿ ಬರುವ ಗಳಿಗೆಯಲ್ಲಿ. ಬಂದು, ಹೋಗಿ, ಮತ್ತೆ ಬರುವ ಆ ಅರ್ಧ ನಿಮಿಷದಲ್ಲಿ ವೋಲ್ಟೇಜ್ ನೆಟ್ಟಗೆ 230ರಲ್ಲಿ ನಿಲ್ಲುವುದಿಲ್ಲ, ಒಮ್ಮೆ ಜಿಗಿಯುತ್ತದೆ, ಒಮ್ಮೆ ಕುಸಿಯುತ್ತದೆ. ಆದ್ದರಿಂದ ವಿದ್ಯುತ್ ಹೋದ ಕೂಡಲೇ, ಯುಪಿಎಸ್ ಇದ್ದರೆ ಕೆಲಸ ಉಳಿಸಿ, ಯಂತ್ರ ಆರಿಸಿ, ಗೋಡೆಯ ಸ್ವಿಚ್ಚನ್ನೂ ಆರಿಸಿ. ಬಂದ ಮೇಲೆ ಐದು ನಿಮಿಷ ಕಾದು ಹಾಕಿ. ಕಾಸು ಖರ್ಚಿಲ್ಲದ ಈ ಅಭ್ಯಾಸವೊಂದೇ ಎಷ್ಟೋ ಮದರ್‌ಬೋರ್ಡ್‌ಗಳನ್ನು ಉಳಿಸಿದೆ.

ಯುಪಿಎಸ್ ಕೊಳ್ಳುವಾಗ ‘ಲೈನ್ ಇಂಟರ್‌ಆ್ಯಕ್ಟಿವ್’ ಎಂಬ ಬಗೆಯದನ್ನೇ ಕೇಳಿ. ವೋಲ್ಟೇಜ್ ಸ್ವಲ್ಪ ಇಳಿದರೆ, ಏರಿದರೆ ಅದು ಬ್ಯಾಟರಿಯನ್ನು ಮುಟ್ಟದೆ ತಾನೇ ಸರಿಪಡಿಸುತ್ತದೆ. ಸಾಲಿನ ಕೊನೆಯ ಮನೆಗಳಲ್ಲಿ ಸಂಜೆಯ ಹೊತ್ತು ದೀಪ ಮಂಕಾಗುವಷ್ಟು ವೋಲ್ಟೇಜ್ ಇಳಿಯುವ ನಮ್ಮ ಹಳ್ಳಿಗಳಿಗೆ ಇದು ಬೇಕೇ ಬೇಕು. 600 ವಿಎ ಸಾಮರ್ಥ್ಯದ ಯುಪಿಎಸ್ ಒಂದು ಡೆಸ್ಕ್‌ಟಾಪನ್ನೂ ಎಲ್‌ಇಡಿ ಪರದೆಯನ್ನೂ ಹತ್ತು ಹದಿನೈದು ನಿಮಿಷ ನಡೆಸುತ್ತದೆ. ಅದು ಕೆಲಸ ಮುಂದುವರಿಸಲು ಅಲ್ಲ, ಮರ್ಯಾದೆಯಿಂದ ಮುಚ್ಚಲು ಕೊಡುವ ಸಮಯ. ಅದರೊಳಗಿನ ಬ್ಯಾಟರಿಯ ಆಯಸ್ಸು ಎರಡು, ಹೆಚ್ಚೆಂದರೆ ಮೂರು ವರ್ಷ. ಹಾಕಿದ ದಿನಾಂಕವನ್ನು ಮಾರ್ಕರ್ ಪೆನ್ನಿನಲ್ಲಿ ಯುಪಿಎಸ್ ಮೈಮೇಲೆಯೇ ಬರೆಯಿರಿ. ಸತ್ತ ಬ್ಯಾಟರಿಯ ಯುಪಿಎಸ್ ಹಸಿರು ದೀಪ ಉರಿಸಿಕೊಂಡು ಮೇಜಿನ ಕೆಳಗೆ ವರ್ಷಗಟ್ಟಲೆ ಕುಳಿತಿರುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಇನ್ನೊಂದು ಮಾತು: ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಜೋಡಿಸಬೇಡಿ. ಕಾಗದದ ಮೇಲೆ ಪುಡಿಯನ್ನು ಕರಗಿಸಿ ಅಂಟಿಸುವ ಅದರ ರೋಲರ್ ಬಿಸಿಯಾಗುವಾಗ ಇಸ್ತ್ರಿಪೆಟ್ಟಿಗೆಯಷ್ಟು ವಿದ್ಯುತ್ ಎಳೆಯುತ್ತದೆ. ಸಣ್ಣ ಯುಪಿಎಸ್ ಅದನ್ನು ತಾಳುವುದಿಲ್ಲ.

ಮನೆಗೆಲ್ಲ ಇನ್ವರ್ಟರ್ ಇದೆಯಲ್ಲ, ಯುಪಿಎಸ್ ಏಕೆ ಎಂದು ತೋಟದ ಮನೆಗಳಲ್ಲಿ ಕೇಳುತ್ತಾರೆ. ಫ್ಯಾನು, ದೀಪಗಳು ಅರೆಕ್ಷಣದ ಅಂತರವನ್ನು ಗಮನಿಸುವುದಿಲ್ಲ, ಕಂಪ್ಯೂಟರ್ ಗಮನಿಸುತ್ತದೆ. ಹೆಚ್ಚಿನ ಇನ್ವರ್ಟರ್‌ಗಳ ಹಿಂಬದಿಯಲ್ಲಿ ‘ಯುಪಿಎಸ್ ಮೋಡ್’ ಎಂಬ ಸಣ್ಣ ಸ್ವಿಚ್ ಇರುತ್ತದೆ. ಅದನ್ನು ಆ ಕಡೆಗೆ ಇಟ್ಟರೆ ಬದಲಾವಣೆ ಬೇಗ ಆಗುತ್ತದೆ, ಯಂತ್ರ ಆರಿ ಹೊತ್ತಿಕೊಳ್ಳುವುದಿಲ್ಲ. ಹೊಸ ಇನ್ವರ್ಟರ್ ಕೊಳ್ಳುವುದಾದರೆ ‘ಪ್ಯೂರ್ ಸೈನ್ ವೇವ್’, ಅಂದರೆ ಕಂಬದ ವಿದ್ಯುತ್ತಿನಂತೆಯೇ ನಯವಾದ ಅಲೆ ಕೊಡುವುದನ್ನೇ ಆರಿಸಿ.

ಇಷ್ಟೆಲ್ಲ ಮಾಡಿ, ಸೋರುವ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಮರೆತರೆ ಮಾಡಿದ್ದೆಲ್ಲ ವ್ಯರ್ಥ. ಹಳೆಯ ಮನೆಗಳನ್ನು ಕಚೇರಿ ಮಾಡಿಕೊಂಡವರು ಇದನ್ನು ಮರೆಯುವುದೇ ಹೆಚ್ಚು. ಗೋಡೆಯ ಸಾಕೆಟ್ಟಿಗೆ ಮೂರು ತೂತು ಇರುತ್ತದೆ, ಮೂರನೆಯದರ ಹಿಂದೆ ತಂತಿಯೇ ಇರುವುದಿಲ್ಲ. ಕಂಪ್ಯೂಟರಿನ ಲೋಹದ ಮೈ ಮುಟ್ಟಿದಾಗ ಬೆರಳು ಜುಮ್ಮೆಂದರೆ ಇದೇ ಕಾರಣವಿರಬಹುದು. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವಿನ ವೋಲ್ಟೇಜ್ ಅಳೆಯಿಸಿ. ಎರಡು ಮೂರು ವೋಲ್ಟ್‌ಗಿಂತ ಹೆಚ್ಚಿದ್ದರೆ ಅರ್ಥ್ ಗುಂಡಿಯನ್ನು ಮತ್ತೆ ಮಾಡಿಸಬೇಕಾಗಬಹುದು. ಬಂಡೆ ಬೇಗ ಸಿಗುವ ಇಳಿಜಾರಿನಲ್ಲಿ ಗುಂಡಿಯ ಜಾಗವನ್ನು ನೋಡಿ ಆರಿಸಬೇಕು. ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹಾಕಬೇಕು.

ಏಕೆಂದರೆ ಸಿಡಿಲು ಬರುವುದು ಬೇಸಿಗೆಯ ಕೊನೆಗೆ. ಜುಲೈ ತಿಂಗಳ ಮಳೆ ಎಡೆಬಿಡದೆ ಸುರಿದರೂ ಆಗ ಗುಡುಗು ಕಡಿಮೆ. ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆಯಿಂದ ಹಿಡಿದು ಮೇ ಕೊನೆಯವರೆಗಿನ ಸಂಜೆಗಳು ಮತ್ತು ಮಳೆ ಮರಳುವ ಅಕ್ಟೋಬರ್, ಯಂತ್ರಗಳಿಗೆ ಅಪಾಯದ ಕಾಲ ಇವು. ಹತ್ತಿರ ಬಿದ್ದ ಸಿಡಿಲನ್ನು ಯಾವ ಸ್ಪೈಕ್ ಗಾರ್ಡೂ ತಡೆಯುವುದಿಲ್ಲ. ಪ್ಲಗ್ ಕಿತ್ತಿಡುವುದೇ ದಾರಿ. ವಿದ್ಯುತ್ ಪ್ಲಗ್ಗಿನ ಜೊತೆಗೆ ನೆಟ್‌ವರ್ಕ್ ತಂತಿಯನ್ನೂ ಕಿತ್ತಿಡಬೇಕು ಎಂಬುದು ಹಲವರಿಗೆ ತಿಳಿದಿಲ್ಲ. ಕಾಫಿ ವ್ಯಾಪಾರಿಯ ಅಂಗಳದಲ್ಲಿ ಕಚೇರಿಯಿಂದ ಗೋದಾಮಿನ ತೂಕದ ಕೋಣೆಗೆ ಮರದಿಂದ ಮರಕ್ಕೆ ಕಟ್ಟಿ ಸಾಮಾನ್ಯ ಲ್ಯಾನ್ ತಂತಿ ಎಳೆದಿದ್ದರು. ಒಂದು ಏಪ್ರಿಲ್ ಸಂಜೆ ತೋಟದಲ್ಲೆಲ್ಲೋ ಸಿಡಿಲು ಬಿತ್ತು. ಆ ತಂತಿಯ ಎರಡೂ ತುದಿಯ ಯಂತ್ರಗಳು ಒಟ್ಟಿಗೆ ಹೋದವು. ತಾಮ್ರದ ತಂತಿ ಸಿಡಿಲಿನ ಆಘಾತವನ್ನು ಹೊತ್ತು ತರುತ್ತದೆ. ಗಾಜಿನ ಎಳೆಯ ಫೈಬರ್ ತರುವುದಿಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಂಪರ್ಕ ಬೇಕಿದ್ದರೆ ಉಕ್ಕಿನ ತಂತಿ ಸೇರಿಸದ ಫೈಬರ್ ಎಳೆಸಿ, ಎರಡು ತುದಿಗೂ ಫೈಬರನ್ನು ಲ್ಯಾನ್ ತಂತಿಗೆ ಹೊಂದಿಸುವ ಮೀಡಿಯಾ ಕನ್ವರ್ಟರ್ ಹಾಕಿಸಿ. ಲ್ಯಾನ್ ತಂತಿ ಹೇಗೂ 100 ಮೀಟರ್ ದಾಟಿದರೆ ಸರಿಯಾಗಿ ಕೆಲಸ ಮಾಡುವುದಿಲ್ಲ.

ತೇವದ ವಿಷಯದಲ್ಲಿ ಜನ ಮಾಡುವ ತಪ್ಪು, ಮಳೆಗಾಲದಲ್ಲಿ ಯಂತ್ರವನ್ನು ಪ್ಲಾಸ್ಟಿಕ್ ಹೊದಿಸಿ ಮುಚ್ಚಿಡುವುದು. ಒಳಗಿನ ತೇವ ಒಳಗೇ ಉಳಿಯುತ್ತದೆ. ಕಂಪ್ಯೂಟರಿಗೆ ಅದರದೇ ಬಿಸಿ ಔಷಧಿ. ಅತಿಥಿಗಳಿರಲಿ ಇಲ್ಲದಿರಲಿ, ದಿನಕ್ಕೆ ಒಂದು ಗಂಟೆ ಚಾಲೂ ಮಾಡಿಡಿ. ಹೊರಗೋಡೆಗೆ ತಾಗಿಸಿ ಮೇಜು ಹಾಕಬೇಡಿ, ಅದು ಬೆವರುವ ಗೋಡೆ. ಸಿಪಿಯು ಪೆಟ್ಟಿಗೆಯನ್ನು ನೆಲದ ಮೇಲಿಡಬೇಡಿ. ಪ್ರಿಂಟರಿನ ಕಾಗದವನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಬೇಕಾದಷ್ಟೇ ಹೊರತೆಗೆಯಿರಿ. ತೇವ ಹೀರಿದ ಕಾಗದ ಪ್ರಿಂಟರಿನ ಬಿಸಿ ರೋಲರ್ ದಾಟುವಾಗ ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ, ಅಕ್ಷರ ಸರಿಯಾಗಿ ಅಂಟುವುದೂ ಇಲ್ಲ. ಪ್ರಿಂಟರ್ ಕೆಟ್ಟಿದೆ ಎಂದು ನನ್ನನ್ನು ಕರೆಸಿದ ಕೆಲವು ಕಡೆ ನಾನು ಬದಲಿಸಿದ್ದು ಕಾಗದದ ಕಟ್ಟನ್ನು ಮಾತ್ರ.

ಪ್ರಿಂಟರ್ ಆಯ್ಕೆಯೂ ಬಳಕೆಯ ಕ್ರಮದಿಂದಲೇ ನಿರ್ಧಾರವಾಗಬೇಕು. ಇಂಕ್ ಟ್ಯಾಂಕ್ ಪ್ರಿಂಟರಿನ ಪುಟವೊಂದರ ಖರ್ಚು ಕಡಿಮೆ. ಆದರೆ ವಾರಗಟ್ಟಲೆ ಸುಮ್ಮನಿದ್ದರೆ ಶಾಯಿ ಒಣಗಿ ತುದಿ ಕಟ್ಟಿಕೊಳ್ಳುತ್ತದೆ. ದಿನವೂ ಮುದ್ರಿಸುವ ಸಂಘಕ್ಕೆ ಅದು ಸರಿ. ಅತಿಥಿಗಳು ಬಂದಾಗಷ್ಟೇ ಬಿಲ್ ಮುದ್ರಿಸುವ ಹೋಂಸ್ಟೇಗೆ ಕಪ್ಪು ಬಿಳುಪಿನ ಲೇಸರ್ ಸಾಕು. ಕಾರ್ಬನ್ ಹಾಳೆಯಿಟ್ಟು ಎರಡು ಮೂರು ಪ್ರತಿ ರಸೀದಿ ಬೇಕಾದ ಕಡೆ ಹಳೆಯ ಡಾಟ್ ಮ್ಯಾಟ್ರಿಕ್ಸ್‌ಗೆ ಇನ್ನೂ ಸಾಟಿಯಿಲ್ಲ. ಹಳೆಯದು ಎಂಬ ಒಂದೇ ಕಾರಣಕ್ಕೆ ಅದನ್ನು ಎಸೆಯಬೇಡಿ.

ಇನ್ನು ಯಂತ್ರ. ಒಬ್ಬರು ಇಬ್ಬರು ಕೆಲಸ ಮಾಡುವ ಕಚೇರಿಗೆ ನಾನು ಲ್ಯಾಪ್‌ಟಾಪನ್ನೇ ಹೇಳುತ್ತೇನೆ, ಜೊತೆಗೆ ಬೇರೆ ಪರದೆ ಮತ್ತು ಕೀಬೋರ್ಡ್. ಅದರ ಹೊಟ್ಟೆಯಲ್ಲೇ ಬ್ಯಾಟರಿ ಇರುವುದರಿಂದ ವಿದ್ಯುತ್ತಿನ ಆಟ ಅದಕ್ಕೆ ತಟ್ಟುವುದು ಕಡಿಮೆ. ನೀರು ಏರುವ ಭಯವಿದ್ದರೆ ಎತ್ತಿಕೊಂಡು ಹೊರಡಬಹುದು. ಹಲವರು ಕುಳಿತು ಕೆಲಸ ಮಾಡುವ ಕೌಂಟರಿಗೆ ಡೆಸ್ಕ್‌ಟಾಪ್ ಒಳ್ಳೆಯದು, ಬಿಡಿಭಾಗ ಬದಲಿಸುವುದು ಸುಲಭ. ಎರಡಕ್ಕೂ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಸಂಗ್ರಹ ಸಾಧನ ಇರಲೇಬೇಕು. ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರವನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ದಿನನಿತ್ಯದ ಕೆಲಸಕ್ಕೆ ಕೊಳ್ಳಬೇಡಿ. ರ್‍ಯಾಮ್ 8 ಜಿಬಿಗಿಂತ ಕಡಿಮೆ ಬೇಡ, ಐದಾರು ವರ್ಷ ಬಾಳಬೇಕಿದ್ದರೆ 16 ಇರಲಿ. ಲೆಕ್ಕ, ಪತ್ರ, ಬುಕಿಂಗ್ ಇಷ್ಟೇ ಕೆಲಸವಿದ್ದರೆ ದುಬಾರಿ ಪ್ರೊಸೆಸರಿಗೆ ಹಣ ಸುರಿಯುವುದು ವ್ಯರ್ಥ. ಆ ಹಣವನ್ನು ಯುಪಿಎಸ್‌ಗೂ ವಾರಂಟಿಗೂ ಹಾಕಿ.

ವಾರಂಟಿ ಎಂದರೆ ವರ್ಷಗಳ ಲೆಕ್ಕ ಮಾತ್ರವಲ್ಲ. ‘ಕ್ಯಾರಿ ಇನ್’ ಎಂದಿದ್ದರೆ ನೀವೇ ಯಂತ್ರವನ್ನು ಹೊತ್ತು ಸೇವಾ ಕೇಂದ್ರಕ್ಕೆ ಹೋಗಬೇಕು. ಕೇಂದ್ರ ಮೈಸೂರಿನಲ್ಲಿದ್ದರೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಕೊಡಲು ಒಮ್ಮೆ, ತರಲು ಒಮ್ಮೆ, ಎರಡು ದಿನದ ಕೆಲಸ ಹೋಯಿತು. ‘ಆನ್ ಸೈಟ್’ ವಾರಂಟಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಇಲ್ಲಿ ಅದು ಲಾಭವೇ. ಆದರೆ ಹಣ ಕೊಡುವ ಮೊದಲು ನಿಮ್ಮ ಪಿನ್‌ಕೋಡ್ ಹೇಳಿ ಕೇಳಿ: 571201ಕ್ಕೆ ಎಂಜಿನಿಯರ್ ಬರುತ್ತಾರೆಯೇ, 571218ಕ್ಕೆ ಬರುತ್ತಾರೆಯೇ? ಮಡಿಕೇರಿಗೆ ಬರುವವರು ವಿರಾಜಪೇಟೆಯ ಒಳಹಳ್ಳಿಗೂ ಬರುತ್ತಾರೆಂದು ಊಹಿಸಬೇಡಿ. ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ಹಾಗೆಯೇ ಕಚೇರಿಯಲ್ಲಿ ಒಂದು ಹೆಚ್ಚುವರಿ ಕೀಬೋರ್ಡ್, ಮೌಸ್, ಚಾರ್ಜರ್, ರೂಟರ್ ಇಟ್ಟುಕೊಳ್ಳಿ. ಎಲ್ಲ ಯಂತ್ರಗಳೂ ಒಂದೇ ಮಾದರಿಯವಾದರೆ ಒಂದರ ಚಾರ್ಜರ್ ಇನ್ನೊಂದಕ್ಕೆ ಆಗುತ್ತದೆ. ದೂರದ ಊರಿನಲ್ಲಿರುವವರಿಗೆ ಇದು ಸಣ್ಣ ಅನುಕೂಲವಲ್ಲ.

ಹಳೆಯ ಯಂತ್ರ ಇರುವವರು ಒಂದು ದಿನಾಂಕ ತಿಳಿದಿರಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ಅಂದಿನಂತೆಯೇ ಓಡುತ್ತದೆ, ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಬಿರುಕುಗಳಿಗೆ ಸಾಮಾನ್ಯವಾಗಿ ತೇಪೆ ಬರುವುದಿಲ್ಲ. ಮಾಡು ಸೋರುತ್ತಿದ್ದರೂ ಬಿಸಿಲುಗಾಲದಲ್ಲಿ ಗೊತ್ತಾಗುವುದಿಲ್ಲವಲ್ಲ, ಹಾಗೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯದು ಅಥವಾ ಅದರ ನಂತರದ್ದಾಗಿರಬೇಕು. ವಿಂಡೋಸ್ 11 ಹಾಕಲಾಗದ ಹಳೆಯ ಯಂತ್ರದಲ್ಲಿ ಹಣದ ವ್ಯವಹಾರ ಬೇಡ. ಬ್ರೌಸರ್ ಮತ್ತು ಪತ್ರದ ಕೆಲಸಕ್ಕಷ್ಟೇ ಆದರೆ ಉಬುಂಟುವಿನಂತಹ ಲಿನಕ್ಸ್ ಹಾಕಿ ಇನ್ನೂ ಕೆಲವು ವರ್ಷ ಬಳಸಬಹುದು. ಹಾಕುವ ಮೊದಲು ನಿಮ್ಮ ಪ್ರಿಂಟರ್, ಬೆರಳಗುರುತು ಓದುವ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಅದರಲ್ಲಿ ನಡೆಯುತ್ತವೆಯೇ ಎಂದು ಪರೀಕ್ಷಿಸಿ. ರಸೀದಿಯಿಲ್ಲದೆ ಅಗ್ಗಕ್ಕೆ ಬರುವ ವಿಂಡೋಸ್ ಕೀಲಿಯನ್ನಂತೂ ಮುಟ್ಟಬೇಡಿ. ಅದನ್ನು ‘ಚಾಲೂ’ ಮಾಡಲು ಓಡಿಸುವ ಕಳ್ಳ ಪ್ರೋಗ್ರಾಮಿನ ಜೊತೆ ಏನೇನು ಒಳಬರುತ್ತದೆ ಎಂದು ಹಾಕುವವನಿಗೂ ತಿಳಿದಿರುವುದಿಲ್ಲ.

ಸಾಫ್ಟ್‌ವೇರ್ ಆರಿಸುವಾಗ ಕೊಡಗಿನವರು ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು: ಇಂಟರ್ನೆಟ್ ಇಲ್ಲದ ದಿನ ಇದು ಕೆಲಸ ಮಾಡುತ್ತದೆಯೇ? ಫೈಬರ್ ಮೇಲೆ ಮರ ಬಿದ್ದರೆ ಅದು ಹೋಯಿತು. ವಿದ್ಯುತ್ ಹೆಚ್ಚು ಹೊತ್ತು ಇಲ್ಲದಿದ್ದರೆ ಮೊಬೈಲ್ ಗೋಪುರದ ಬ್ಯಾಟರಿಯೂ ಬರಿದಾಗುತ್ತದೆ. ಬ್ರೌಸರಿನಲ್ಲಷ್ಟೇ ತೆರೆಯುವ ಬಿಲ್ಲಿಂಗ್ ಸಾಫ್ಟ್‌ವೇರ್ ಬೆಂಗಳೂರಿನಲ್ಲಿ ಸೊಗಸು. ಇಲ್ಲಿ ಅದರ ಮೇಲೆಯೇ ಅವಲಂಬಿಸಿದರೆ ಜುಲೈಯಲ್ಲಿ ಕೈಬರಹದ ಬಿಲ್ ಪುಸ್ತಕ ಹುಡುಕಬೇಕಾಗುತ್ತದೆ. ಟ್ಯಾಲಿಯಂತೆ ಯಂತ್ರದಲ್ಲೇ ಕುಳಿತು ಕೆಲಸ ಮಾಡುವ, ಸಂಪರ್ಕ ಸಿಕ್ಕಾಗ ಜಿಎಸ್‌ಟಿ ವಿವರ ಕಳುಹಿಸುವ ಸಾಫ್ಟ್‌ವೇರ್ ನಮಗೆ ಹೊಂದುತ್ತದೆ. ಹೋಂಸ್ಟೇ ಬುಕಿಂಗ್ ಮಾತ್ರ ಆನ್‌ಲೈನಿನಲ್ಲೇ ಇರಬೇಕು. ಅದಕ್ಕಾಗಿ ಫೈಬರ್ ಒಂದು ಕಂಪನಿಯದು, ಮೊಬೈಲ್ ಸಿಮ್ ಇನ್ನೊಂದು ಕಂಪನಿಯದು ಇಟ್ಟುಕೊಳ್ಳಿ. ರೂಟರಿಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿಸಿ, ಅದು ಕೆಲವು ಗಂಟೆ ನಡೆಸುತ್ತದೆ.

ಕೆಲವೊಮ್ಮೆ ಆಯ್ಕೆಯೇ ನಮ್ಮ ಕೈಯಲ್ಲಿರುವುದಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮೊದಲಿಗೆ ದೇಶದ 63,000 ಸಂಘಗಳನ್ನು ಒಂದೇ ಸಾಫ್ಟ್‌ವೇರಿಗೆ ತರಲು ಹೊರಟ ಯೋಜನೆ ಅದು. ವರ್ಷಕ್ಕೆ 5 ಕೋಟಿಗಿಂತ ಹೆಚ್ಚು ವಹಿವಾಟಿರುವ ವ್ಯಾಪಾರಿಗೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್, ಅಂದರೆ ಜಿಎಸ್‌ಟಿಯ ಆನ್‌ಲೈನ್ ವ್ಯವಸ್ಥೆಯಲ್ಲಿ ನೋಂದಾಯಿಸುವ ಬಿಲ್ ಕಡ್ಡಾಯ. ಕಾಫಿ, ಕರಿಮೆಣಸಿನ ಬೆಲೆ ಏರಿದ ವರ್ಷ ಸಾಧಾರಣ ವ್ಯಾಪಾರಿಯೂ ಆ ಗೆರೆ ದಾಟಬಹುದು. ಇಂಥವಕ್ಕೆ ಸಂಪರ್ಕ ಬೇಕೇ ಬೇಕು, ಎರಡನೇ ಸಂಪರ್ಕಕ್ಕೆಂದು ಇಟ್ಟ ಸಿಮ್ಮಿನ ಖರ್ಚು ಅಲ್ಲಿ ವಸೂಲಾಗುತ್ತದೆ.

ಕನ್ನಡದ ಬಗ್ಗೆಯೂ ಹೇಳಲೇಬೇಕು, ನನಗೆ ಹೆಚ್ಚು ನೋವು ಕೊಡುವ ವಿಷಯ ಇದು. ಸಂಘಗಳ ಹಳೆಯ ಮಹಾಸಭೆ ವರದಿ, ನಡಾವಳಿ, ನೋಟಿಸುಗಳು ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿಲ್ಲ, ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ನುಡಿ, ಬರಹ ತಂತ್ರಾಂಶಗಳಲ್ಲೇ ಯೂನಿಕೋಡ್‌ಗೆ ಪರಿವರ್ತಿಸುವ ಸೌಲಭ್ಯವಿದೆ. ಹಳೆಯ ಯಂತ್ರ ಸಾಯುವ ಮೊದಲು ಎಲ್ಲ ಕಡತಗಳನ್ನೂ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ ತಿದ್ದಿಡಿ. ಹೊಸ ಸಾಫ್ಟ್‌ವೇರ್ ಮಾರಲು ಬಂದವರ ಮುಂದೆ ನಿಮ್ಮ ಒಬ್ಬ ಸದಸ್ಯರ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ, ಮುದ್ರಿಸಿ, ಮತ್ತೆ ಹುಡುಕಿ ತೋರಿಸಲು ಹೇಳಿ. ಆಗದಿದ್ದರೆ ಕಳುಹಿಸಿಬಿಡಿ.

ಈಗ ಅಜ್ಜನ ಅಟ್ಟದ ವಿಷಯ, ಬ್ಯಾಕಪ್. ಜಗತ್ತಿನೆಲ್ಲೆಡೆ ಹೇಳುವ ಸೂತ್ರ ಮೂರು, ಎರಡು, ಒಂದು: ದತ್ತಾಂಶದ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಜಾಗದಲ್ಲಿ. ಆ ‘ಬೇರೆ ಜಾಗ’ ಎಂಬುದನ್ನು ಕೊಡಗಿನವರು 2018ರ ಆಗಸ್ಟ್ ನೆನೆದು ಓದಬೇಕು. ಅಂದು ಗುಡ್ಡಗಳು ಜರಿದು ರಸ್ತೆಗಳೇ ಇಲ್ಲವಾದವು. ಮರುವರ್ಷದ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿತು. ಕಚೇರಿಯ ಪ್ರತಿಯನ್ನು ಅದೇ ರಸ್ತೆಯ ಮನೆಯಲ್ಲಿಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಒಂದು ಪ್ರತಿ ಘಟ್ಟದ ಕೆಳಗಿರಲಿ ಅಥವಾ ಇಂಟರ್ನೆಟ್ ಮೂಲಕ ದೂರದಲ್ಲಿ ಉಳಿಸುವ ಕ್ಲೌಡ್‌ನಲ್ಲಿರಲಿ. ಲೆಕ್ಕದ ಕಡತಗಳು ಗಾತ್ರದಲ್ಲಿ ಸಣ್ಣವು, ನಿಧಾನದ ಸಂಪರ್ಕದಲ್ಲೂ ರಾತ್ರಿಯೊಳಗೆ ಏರುತ್ತವೆ. ತೋಟದ ಚಿತ್ರ, ವಿಡಿಯೊಗಳನ್ನು ಅದರ ಜೊತೆ ಬೆರೆಸಬೇಡಿ.

ಎರಡನೇ ಪ್ರತಿಗೆ ಹೊರಗೆ ಜೋಡಿಸುವ ಹಾರ್ಡ್ ಡಿಸ್ಕ್ ಕೊಳ್ಳಿ. ಪೆನ್ ಡ್ರೈವನ್ನು ನೆಚ್ಚಬೇಡಿ, ಅದು ಕಳೆದುಹೋಗಲೆಂದೇ ಇರುವ ಗಾತ್ರದಲ್ಲಿದೆ. ಪ್ರತಿ ತೆಗೆದ ಮೇಲೆ ಡಿಸ್ಕನ್ನು ಕಿತ್ತಿಡಬೇಕು. ಸದಾ ಜೋಡಿಸಿಟ್ಟರೆ ಸಿಡಿಲಿಗೂ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್‌ಗೂ ಎರಡೂ ಒಟ್ಟಿಗೆ ಬಲಿಯಾಗುತ್ತವೆ. ಒಂದೇ ಡಿಸ್ಕಿನ ಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಾ ಹೋಗಬೇಡಿ. ಎರಡು ಡಿಸ್ಕ್ ಇಟ್ಟು ವಾರ ಬಿಟ್ಟು ವಾರ ಬದಲಿಸಿ. ಜಿಎಸ್‌ಟಿ ಕಾನೂನಿನಂತೆ ಲೆಕ್ಕವನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಉಳಿಸಿಕೊಳ್ಳಬೇಕು, ಅಂದರೆ ನೀವು ಈಗ ಕೊಳ್ಳುತ್ತಿರುವ ಯಂತ್ರದ ಆಯಸ್ಸಿಗಿಂತ ಹೆಚ್ಚು ಕಾಲ.

ಬ್ಯಾಕಪ್ ಇದೆ ಎಂಬ ನಂಬಿಕೆ ಬ್ಯಾಕಪ್ ಅಲ್ಲ. ಒಂದು ಕಚೇರಿಯಲ್ಲಿ ಮೂರು ವರ್ಷ ಪ್ರತಿ ಶನಿವಾರ ಶ್ರದ್ಧೆಯಿಂದ ನಕಲು ಮಾಡುತ್ತಿದ್ದರು. ಡಿಸ್ಕ್ ಸತ್ತ ದಿನ ತೆರೆದು ನೋಡಿದರೆ ನಕಲಾಗುತ್ತಿದ್ದದ್ದು ಲೆಕ್ಕದ ದತ್ತಾಂಶವಲ್ಲ, ಪರದೆಯ ಮೇಲಿನ ಶಾರ್ಟ್‌ಕಟ್. ಆ ದಿನ ಆ ಗುಮಾಸ್ತೆಯ ಮುಖವನ್ನು ನಾನು ಮರೆಯಲಾರೆ. ಅವರ ತಪ್ಪೇನೂ ಇರಲಿಲ್ಲ, ಯಾರೂ ಅವರಿಗೆ ತೋರಿಸಿಕೊಟ್ಟಿರಲಿಲ್ಲ. ಮೂರು ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ಆ ಪ್ರತಿಯಿಂದ ಲೆಕ್ಕ ತೆರೆದು, ಹಿಂದಿನ ದಿನದ ಕೊನೆಯ ರಸೀದಿ ಕಾಣುತ್ತದೆಯೇ ಎಂದು ನೋಡಿ.

ಪಾಸ್‌ವರ್ಡ್‌ಗಳ ಕಥೆಯೂ ಇದೇ. ಕಚೇರಿಯ ಇಮೇಲ್, ಬುಕಿಂಗ್ ಖಾತೆ, ಜಾಲತಾಣದ ಹೆಸರು ಇವು ಕಚೇರಿಯ ಹೆಸರಿನಲ್ಲೇ ಇರಬೇಕು, ಅವನ್ನು ಮಾಡಿಕೊಟ್ಟ ಹುಡುಗನ ಸ್ವಂತ ಜಿಮೇಲ್‌ನಲ್ಲಲ್ಲ. ಅವನು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಫೋನ್ ಸಂಖ್ಯೆ ಬದಲಿಸಿದ ಮೇಲೆ ಜಾಲತಾಣದ ಹೆಸರು ನವೀಕರಣವಾಗದೆ ಕಳೆದುಹೋದ ಹೋಂಸ್ಟೇ ನನಗೆ ಗೊತ್ತು. ಅತಿಥಿಗಳ ಆಧಾರ್ ಚಿತ್ರಗಳನ್ನು ಯಾರ ಯಾರದೋ ವಾಟ್ಸ್‌ಆ್ಯಪ್‌ನಲ್ಲಿ ತುಂಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಕೊನೆಯ ನಾಲ್ಕು ಅಂಕಿಯಷ್ಟೇ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೇಳಿ. ಬೇರೆಯವರ ವೈಯಕ್ತಿಕ ಮಾಹಿತಿ ಇಟ್ಟುಕೊಂಡವರ ಹೊಣೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬರೆದಿಟ್ಟಿದೆ.

ಕೊನೆಯದಾಗಿ, ಯಾವಾಗ ಬದಲಿಸಬೇಕು ಎಂಬುದು. ಅರೇಬಿಕಾ ಕೊಯ್ಲು ನವೆಂಬರ್‌ಗೆ ಶುರುವಾದರೆ ರೋಬಸ್ಟಾ ಮಾರ್ಚ್‌ವರೆಗೆ ಎಳೆಯುತ್ತದೆ, ಅದರ ಬೆನ್ನಿಗೇ ಲೆಕ್ಕದ ವರ್ಷ ಮುಗಿಯುತ್ತದೆ. ಆ ಐದು ತಿಂಗಳು ಕಾಫಿಯ ಕಚೇರಿಯಲ್ಲಿ ಸಾಫ್ಟ್‌ವೇರ್ ಬದಲಿಸುವ ಮಾತೇ ಬೇಡ. ಅಂಗಳದಲ್ಲಿ ಚೀಲ ತುಂಬಿದ ಜೀಪುಗಳು ಸಾಲು ನಿಂತಾಗ ಹೊಸ ಪರದೆಯಲ್ಲಿ ಗುಂಡಿ ಹುಡುಕುವಂತಾಗಬಾರದು. ಏಪ್ರಿಲ್‌ನಲ್ಲಿ ಅರ್ಥಿಂಗ್ ನೋಡಿಸಿ, ಮೇ ಮೊದಲ ವಾರದಲ್ಲಿ ಯುಪಿಎಸ್ ಬ್ಯಾಟರಿ ಪರೀಕ್ಷಿಸಿ, ಘಟ್ಟದ ಕೆಳಗಿನ ಪ್ರತಿಯನ್ನು ಹೊಸದು ಮಾಡಿ. ಹೊಸ ಯಂತ್ರಕ್ಕೆ ಕೊಡವರ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲಿನ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಕಾಲ: ಮಳೆ ಇಳಿದಿರುತ್ತದೆ, ಮೈಸೂರಿನ ರಸ್ತೆ ಸಲೀಸಾಗಿರುತ್ತದೆ, ಕಲಿಯಲು ಕೈಯಲ್ಲಿ ಎರಡು ತಿಂಗಳಿರುತ್ತದೆ. ಆಯುಧಪೂಜೆಯೂ ಆಗಲೇ ಬರುತ್ತದೆ. ಕುಂಕುಮವನ್ನು ಪಕ್ಕದ ಲೋಹದ ಮೇಲೆ ಇಡಿ, ಗಾಳಿ ಹೋಗುವ ಕಿಂಡಿಯ ಮೇಲೆ ಬೇಡ.